ಮಾರ್ಟಿನ್ಸ್‌ವಿಲ್, ಷಾರ್ಲೆಟ್, ಆಸ್ಟಿನ್: ಮೂರೂ ಕಡೆ ರೇಸ್ ನೋಡಿದ ಮೇಲೆ

ಅಮೆರಿಕದ ನಾರ್ತ್ ಕೆರೊಲಿನಾದ ಷಾರ್ಲೆಟ್‌ಗೆ ಬಂದು ಏಳು ವರ್ಷ ಆಯ್ತು. ನಾಸ್ಕಾರ್‌ಗೆ, ಅಂದ್ರೆ ನೋಡೋಕೆ ಮಾಮೂಲಿ ಕಾರಿನಂತಿರುವ ಕಾರುಗಳ ಅಮೆರಿಕನ್ ರೇಸಿಗೆ, ಇದೇ ತವರು, ಹೆಚ್ಚಿನ ಟೀಮುಗಳ ಗ್ಯಾರೇಜು ಇಲ್ಲೇ ಸುತ್ತಮುತ್ತ. ಆದರೂ ನಮ್ಮ ಆಫೀಸಿನ ಹುಡುಗರಿಗೆ ಎಫ್1 (ಫಾರ್ಮುಲಾ 1) ಡ್ರೈವರ್ ವರ್ಸ್ಟಾಪನ್ ಗೊತ್ತು, ನಾಸ್ಕಾರ್‌ನ ಕೈಲ್ ಲಾರ್ಸನ್ ಅಂದ್ರೆ ಯಾರು ಅಂತಾರೆ. 2006ರಲ್ಲಿ ನಾಸ್ಕಾರ್‌ನ ಅತಿ ದೊಡ್ಡ ರೇಸ್ ಡೇಟೋನಾ 500 ಅನ್ನು ಟಿವಿಯಲ್ಲಿ ನೋಡಿದವರು ಹತ್ತಿರ ಹತ್ತಿರ 2 ಕೋಟಿ ಜನ. 2025ರಲ್ಲಿ 70 ಲಕ್ಷವೂ ದಾಟಲಿಲ್ಲ. ರೇಸೇ ಕೆಟ್ಟುಹೋಗಿದೆಯಾ, ಅಥವಾ ಬೇರೆ ಏನೋ ಇದೆಯಾ? ನಾನು ಮೂರು ಕಡೆ ಕೈಯಿಂದ ದುಡ್ಡು ಹಾಕಿ ನೋಡಿದ್ದೇನೆ, ಹೇಳ್ತೀನಿ ಕೇಳಿ.

ಮೊದಲು ಮಾರ್ಟಿನ್ಸ್‌ವಿಲ್, ವರ್ಜೀನಿಯಾ. ಅರ್ಧ ಮೈಲಿಗಿಂತ ಚೂರು ಜಾಸ್ತಿ ಉದ್ದದ ಟ್ರ್ಯಾಕ್, ಪೇಪರ್ ಕ್ಲಿಪ್ ತರ ಇದೆ. ಮೂವತ್ತಕ್ಕೂ ಹೆಚ್ಚು ಕಾರು ಸುಮಾರು ಇಪ್ಪತ್ತು ಸೆಕೆಂಡಿಗೊಮ್ಮೆ ಕಣ್ಣೆದುರೇ ಬರುತ್ತವೆ. ತಿರುವಿನಲ್ಲಿ ಬ್ರೇಕ್ ಹಿಡಿದರೆ ಚಕ್ರದೊಳಗೆ ಒಲೆಯ ಕೆಂಡದಂತೆ ಕೆಂಪು ಕಾಣುತ್ತದೆ. ನಾವು ಕೆಳಗಿನ ಸಾಲಿನಲ್ಲಿ ಕೂತಿದ್ದೆವು. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ ಡಬ್ಬಿ ತೆಗೆದರೆ ಅದರ ಮೇಲೆಲ್ಲ ಟೈರಿನ ಕಪ್ಪು ಚೂರು! (ಅಲ್ಲಿನ ಹಾಟ್ ಡಾಗ್ ಫೇಮಸ್, ನಮಗೆ ಉಪಯೋಗವಿಲ್ಲ.) ಸದ್ದು ತಡೆಯೋಕೆ ಕಿವಿಗೆ ಹಾಕಿಕೊಳ್ಳೋದನ್ನ ಮರೆತು ಹೋಗಿದ್ದೆ, ಎರಡು ದಿನ ಹೆಂಡತಿ ಕರೆದದ್ದು ಕೇಳಿಸಲಿಲ್ಲ, ಅವಳು ಇದನ್ನ ಇವತ್ತಿಗೂ ನಂಬಲ್ಲ.

ಅದು 2022ರ ಅಕ್ಟೋಬರ್. ನಿಜ ಹೇಳಬೇಕಂದ್ರೆ ಮಧ್ಯದಲ್ಲಿ ಬೋರ್ ಹೊಡೀತು. ಆ ವರ್ಷ ಬಂದ ಹೊಸ ಕಾರಿನಲ್ಲಿ ಇಂಥ ಸಣ್ಣ ಟ್ರ್ಯಾಕಿನಲ್ಲಿ ಓವರ್‌ಟೇಕ್ ಮಾಡೋದು ತುಂಬ ಕಷ್ಟ. ಆದರೆ ಕೊನೆಯ ಸುತ್ತು! ರಾಸ್ ಚಾಸ್ಟೇನ್ ಅನ್ನೋ ಡ್ರೈವರ್, ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನವಾಗುವ ಫೈನಲ್‌ಗೆ ಹೋಗಲು ಎರಡು ಸ್ಥಾನ ಮೇಲೆ ಬರಬೇಕಿತ್ತು. ಆಸಾಮಿ ಬ್ರೇಕ್ ಮುಟ್ಟಲೇ ಇಲ್ಲ, ಕಾರನ್ನು ಗೋಡೆಗೆ ಆನಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಗೋಡೆ ಉಜ್ಜಿಕೊಂಡೇ ತಿರುವು ದಾಟಿ ಐದು ಕಾರು ಹಿಂದೆ ಹಾಕಿದ. ನನ್ನ ಪಕ್ಕದ ಅಜ್ಜ ಬಿಯರ್ ಕ್ಯಾನ್ ಕೈಬಿಟ್ಟ. ಮುಂದಿನ ವರ್ಷ ಆ ಆಟವನ್ನೇ ಬ್ಯಾನ್ ಮಾಡಿದರು. ಅಂದಹಾಗೆ ನಮ್ಮ ದೇಶದ ಎಫ್1 ಡ್ರೈವರ್ ನರೇನ್ ಕಾರ್ತಿಕೇಯನ್ 2010ರಲ್ಲಿ ನಾಸ್ಕಾರ್‌ನ ಪಿಕಪ್ ಟ್ರಕ್ ರೇಸಿಗೆ ಮೊದಲು ಇಳಿದದ್ದೂ ಇದೇ ಟ್ರ್ಯಾಕಿನಲ್ಲಿ.

ಆಮೇಲೆ ಮನೆ ಪಕ್ಕದ ಷಾರ್ಲೆಟ್, 2025ರ ಮೇ, ಕೋಕಾ-ಕೋಲಾ 600. ಮಗನ ಟಿಕೆಟ್ 10 ಡಾಲರ್, ಸ್ವಂತ ಕೂಲರ್ ಒಳಗೆ ಒಯ್ಯಬಹುದು. ಇಷ್ಟು ಅಗ್ಗ ಯಾಕೆ ಅಂತ ಒಳಗೆ ಹೋದಾಗ ತಿಳೀತು. ಹಿಂದಿನ ನೇರ ದಾರಿಯ ಪಕ್ಕ ಮೊದಲಿದ್ದ ಸ್ಟ್ಯಾಂಡನ್ನು ವರ್ಷಗಳ ಹಿಂದೆಯೇ ಬಿಚ್ಚಿಹಾಕಿದ್ದಾರೆ, ಆ ಕಡೆ ಬರೀ ಬಯಲು. ರೇಸ್ ಬೇರೆ 600 ಮೈಲಿ, 400 ಸುತ್ತು. ಸಂಜೆ ಕೂತರೆ ಏಳುವಾಗ ನಡುರಾತ್ರಿ ಹತ್ತಿರ. ಮಗ ಅರ್ಧದಲ್ಲೇ ತೊಡೆ ಮೇಲೆ ನಿದ್ದೆ. 400ರಲ್ಲಿ 283 ಸುತ್ತು ಎಲ್ಲರಿಗಿಂತ ಮುಂದೆ ಓಡಿದವನು ವಿಲಿಯಂ ಬೈರನ್. ಕೊನೆಗೆ ಗೆದ್ದವನು ಅದೇ ಚಾಸ್ಟೇನ್, ಅದೂ ಎಲ್ಲರಿಗಿಂತ ಹಿಂದೆ, 40ನೇ ಜಾಗದಿಂದ ಶುರುಮಾಡಿ! ಕಲ್ಲಂಗಡಿ ಬೆಳೆಯುವ ಮನೆತನದವನು, ಗೆದ್ದರೆ ಕಲ್ಲಂಗಡಿ ಎತ್ತಿ ನೆಲಕ್ಕೆ ಕುಕ್ಕುತ್ತಾನೆ. ಆ ಸದ್ದಿಗೆ ಮಗ ಎದ್ದ ಅಂತ ಬರೆಯಬಹುದಿತ್ತು, ಎದ್ದಿಲ್ಲ.

ಕೊನೆಗೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಎಫ್1, 2023. ಟಿಕೆಟ್, ವಿಮಾನ, ಹೋಟೆಲು ಸೇರಿ ಆದ ಖರ್ಚಿನಲ್ಲಿ ಮನೆಮಂದಿಯೆಲ್ಲ ಮಾರ್ಟಿನ್ಸ್‌ವಿಲ್‌ಗೆ ಹಲವು ಸಲ ಹೋಗಿಬರಬಹುದಿತ್ತು. ಹುಲ್ಲಿನ ದಿಬ್ಬದ ಮೇಲೆ ಕೂತಿದ್ದೆ, ಒಂದು ಕಾರು ಕಣ್ಮುಂದೆ ಹೋದರೆ ಮತ್ತೆ ಬರೋಕೆ ಒಂದೂವರೆ ನಿಮಿಷದ ಮೇಲೆ. ವರ್ಸ್ಟಾಪನ್ ಗೆದ್ದ, ಎರಡನೆಯವನಾಗಿ ಬಂದ ಹ್ಯಾಮಿಲ್ಟನ್ ಕಾರಿನ ತಳದ ಹಲಗೆ ಮಿತಿಗಿಂತ ಹೆಚ್ಚು ಸವೆದಿದೆ ಅಂತ ಅನರ್ಹನಾದ ವಿಷಯ ಹೊರಗೆ ಬಂದಮೇಲೆ ಫೋನ್ ನೋಡಿ ಗೊತ್ತಾಯ್ತು. ಆದರೆ ಜನ! ಎಲ್ಲೆಲ್ಲೂ ಇಪ್ಪತ್ತರ ಹರೆಯದವರು, ಹುಡುಗೀರು ಜಾಸ್ತಿ, ಬೆಂಗಳೂರು ಕನ್ನಡವೂ ಎರಡು ಕಡೆ ಕಿವಿಗೆ ಬಿತ್ತು. ಯಾವ ಡ್ರೈವರ್‌ಗೆ ಯಾರ ಮೇಲೆ ಸಿಟ್ಟು ಅನ್ನೋದೆಲ್ಲ ಅವರಿಗೆ ಬಾಯಿಪಾಠ.

ನಾಸ್ಕಾರ್‌ನಲ್ಲಿ ಇಲ್ಲದ್ದು ಅದೇ, ಹೊಸಬರೂ ಸುಲಭವಾಗಿ ಹಿಡಿದುಕೊಳ್ಳೋ ಕತೆ, ಅಂತ ನನಗನ್ನಿಸ್ತು. 2004ರಿಂದ ಚಾಂಪಿಯನ್ ಆರಿಸೋ ನಿಯಮ ಎಷ್ಟು ಸಲ ಬದಲಾಯಿತೋ, ಹೆಂಡತಿಗೆ ವಿವರಿಸಲು ಹೋಗಿ ಸೋತಿದ್ದೇನೆ. 2025ರ ಕೊನೆಯ ರೇಸಿನಲ್ಲಿ, ಅಂದ್ರೆ ಫೈನಲ್‌ನಲ್ಲಿ, 208 ಸುತ್ತು ಎಲ್ಲರಿಗಿಂತ ಮುಂದೆ ಓಡಿದವನು ಡೆನ್ನಿ ಹ್ಯಾಮ್ಲಿನ್, ಚಾಂಪಿಯನ್ ಆದದ್ದು ಆ ದಿನ ಒಂದು ಸುತ್ತೂ ಮುಂದಿರದ ಲಾರ್ಸನ್. ಹೊಸಬರಿಗೆ ಇದನ್ನ ಹೇಗೆ ಹೇಳೋದು? ಮನೇಲಿ ನೋಡೋಣ ಅಂದ್ರೆ ಆ ವರ್ಷ ಸ್ವಲ್ಪ ರೇಸ್ ಫಾಕ್ಸ್‌ನಲ್ಲಿ, ಸ್ವಲ್ಪ ಅಮೆಜಾನ್‌ನಲ್ಲಿ, ಆಮೇಲೆ ಟಿಎನ್‌ಟಿ, ಕೊನೆಗೆ ಎನ್‌ಬಿಸಿ.

ಟಿವಿಯಲ್ಲಾದರೆ ನನ್ನ ಓಟು ಎಫ್1ಗೆ, ಎರಡು ಗಂಟೆಯಲ್ಲಿ ಮುಗಿಯುತ್ತೆ. ಹೋಗಿ ನೋಡೋದಾದರೆ ಕಣ್ಮುಚ್ಚಿ ಮಾರ್ಟಿನ್ಸ್‌ವಿಲ್. ಷಾರ್ಲೆಟ್‌ಗೆ ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗೋದಾದ್ರೆ ಹೊದಿಕೆ ಇಟ್ಕೊಳ್ಳಿ. ಮಾರ್ಟಿನ್ಸ್‌ವಿಲ್‌ಗೆ ಮತ್ತೆ ಹೋಗ್ತಿದ್ದೀವಿ, ಕಿವಿಗೆ ಹಾಕೋದನ್ನ ಈಗಲೇ ಕಾರಿನ ಡಿಕ್ಕಿಯಲ್ಲಿಟ್ಟಿದ್ದೇನೆ, ಪುಳಿಯೋಗರೆಗೆ ಗಟ್ಟಿ ಮುಚ್ಚಳದ ಡಬ್ಬಿಯನ್ನೂ.