ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ: ಎರಡು ಕಟ್ಟಡಗಳಲ್ಲಿ ಹಂಚಿಹೋದ ಒಂದು ಕಲಾಪರಂಪರೆ

ಮನಿಲಾದ ರಿಸಾಲ್ ಉದ್ಯಾನದ ಆಸುಪಾಸಿನಲ್ಲಿ ಫಿಲಿಪ್ಪೀನ್ಸ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದ ಮೂರು ದೊಡ್ಡ ಕಟ್ಟಡಗಳಿವೆ. ಅವುಗಳಲ್ಲಿ ಒಂದು ನಿಸರ್ಗ ವಿಜ್ಞಾನಕ್ಕೆ ಮೀಸಲು. ಈ ಬರಹ ಉಳಿದೆರಡನ್ನು, ಅಂದರೆ ಮಾನವಶಾಸ್ತ್ರ ಮತ್ತು ಲಲಿತಕಲೆಯ ಸಂಗ್ರಹಾಲಯಗಳನ್ನು ಕುರಿತದ್ದು. 2016ರಿಂದ ಇಲ್ಲಿ ಪ್ರವೇಶ ಉಚಿತ. ಪ್ರವಾಸಿಗರು ಸಾಮಾನ್ಯವಾಗಿ ಲಲಿತಕಲೆಯ ಕಟ್ಟಡಕ್ಕೆ ನೇರವಾಗಿ ಹೋಗಿ, ಅಲ್ಲಿನ ಪ್ರಸಿದ್ಧ ವರ್ಣಚಿತ್ರವನ್ನು ನೋಡಿ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ ಎಂಬುದೇ ನನ್ನ ಮುಖ್ಯ ಸಲಹೆ. ಮೊದಲ ದಿನವನ್ನು ಮಾನವಶಾಸ್ತ್ರದ ಕಟ್ಟಡಕ್ಕೆ ಕೊಟ್ಟು, ಮರುದಿನ ಲಲಿತಕಲೆಗೆ ಹೋದವರಿಗೆ ಮಾತ್ರ ಈ ದ್ವೀಪಗಳ ಕಲೆ ಎಲ್ಲಿಂದ ಹೊರಟು ಎಲ್ಲಿಗೆ ಬಂದಿತೆಂಬುದು ಕಣ್ಣಿಗೆ ಕಟ್ಟುತ್ತದೆ.

ಮಾನವಶಾಸ್ತ್ರದ ಕಟ್ಟಡದಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಮನುಂಗುಲ್ ಗಡಿಗೆಯ ಮುಂದೆ. ಪಲವಾನ್ ದ್ವೀಪದ ಗುಹೆಯೊಂದರಲ್ಲಿ 1960ರ ದಶಕದಲ್ಲಿ ದೊರೆತ ಈ ಮಣ್ಣಿನ ಪಾತ್ರೆ ಕ್ರಿಸ್ತಪೂರ್ವ 890ರಿಂದ 710ರ ನಡುವಿನದೆಂದು ಗುರುತಿಸಲಾಗಿದೆ. ಸತ್ತವರ ಎಲುಬುಗಳನ್ನು ಮತ್ತೊಮ್ಮೆ ಸಂಗ್ರಹಿಸಿ ಇಡುವ ಎರಡನೆಯ ಸಂಸ್ಕಾರಕ್ಕಾಗಿ ಮಾಡಿದ ಪಾತ್ರೆ ಇದು. ಮುಚ್ಚಳದ ಮೇಲೆ ಒಂದು ದೋಣಿ, ದೋಣಿಯಲ್ಲಿ ಇಬ್ಬರು. ಮುಂದೆ ಕುಳಿತವನು ಎದೆಯ ಮೇಲೆ ಕೈಗಳನ್ನು ಅಡ್ಡಲಾಗಿ ಇರಿಸಿಕೊಂಡಿದ್ದಾನೆ. ಹಿಂದಿನವನು ಹುಟ್ಟು ಹಿಡಿದಿದ್ದಾನೆ, ಆ ಹುಟ್ಟಿನ ಅಲಗು ಮಾತ್ರ ಕಾಲಾಂತರದಲ್ಲಿ ಕಳೆದುಹೋಗಿದೆ. ದೋಣಿಯ ಮೂತಿಗೂ ಕಣ್ಣು ಬಾಯಿಗಳನ್ನು ಬಿಡಿಸಿದ್ದಾರೆ. ಗಡಿಗೆಯ ಮೈಮೇಲೆ ಕೆಮ್ಮಣ್ಣಿನ ಬಣ್ಣ ಬಳಿದ ಸುರುಳಿಗಳು ಅಲೆಗಳಂತೆ ಹರಿಯುತ್ತವೆ. ವೈತರಣಿಯ ಕಥೆ ಕೇಳಿ ಬೆಳೆದ ನಮಗೆ ಆ ದೋಣಿ ಎಲ್ಲಿಗೆ ಹೊರಟಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಅದರ ಸಮೀಪದಲ್ಲೇ ನೋಡಬೇಕಾದವು ಮಿಂಡನಾವೊ ದ್ವೀಪದ ಮೈತುಮ್ ಎಂಬಲ್ಲಿಂದ 1991ರಲ್ಲಿ ಬೆಳಕಿಗೆ ಬಂದ ಅಸ್ಥಿಪಾತ್ರೆಗಳು. ಅವುಗಳ ಮುಚ್ಚಳಗಳು ಮನುಷ್ಯರ ತಲೆಗಳೇ ಆಗಿದ್ದು, ಒಂದರ ಮುಖಭಾವ ಇನ್ನೊಂದರಂತಿಲ್ಲ. ಕುಂಬಾರನು ಸತ್ತವರ ಪರಿಚಯವಿದ್ದೇ ಅವರ ಮುಖಗಳನ್ನು ತಿದ್ದಿದನೇನೋ ಎನ್ನಿಸುವಷ್ಟು ಆಪ್ತವಾದ ಕೆಲಸವಿದು.

ಕನ್ನಡ ಬಲ್ಲವರು ತಪ್ಪದೆ ಹುಡುಕಿಕೊಂಡು ಹೋಗಬೇಕಾದ ವಸ್ತು ಇನ್ನೊಂದಿದೆ. ಲಗೂನಾ ಪ್ರಾಂತ್ಯದಲ್ಲಿ 1989ರಲ್ಲಿ ಸಿಕ್ಕಿದ ಹತ್ತು ಸಾಲುಗಳ ತಾಮ್ರಶಾಸನವದು. ಲಿಪಿ ಜಾವಾದ ‘ಕವಿ’ ಎಂಬ ಹೆಸರಿನ ಹಳೆಯ ಲಿಪಿ. ಹಳೆಯ ಮಲಯ ಭಾಷೆಯೊಳಗೆ ಸಂಸ್ಕೃತ ಬೆರೆತಿದೆ. ಅದು ‘ಸ್ವಸ್ತಿ’ ಎಂದು ಆರಂಭವಾಗುತ್ತದೆ. ಮುಂದೆ ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷ, ಚತುರ್ಥಿ, ಸೋಮವಾರ ಎಂಬ ವಿವರ ಬರುತ್ತದೆ. ಕ್ರಿಸ್ತಶಕ 900ರ ಆ ಹೊತ್ತಿಗೆ ನಮ್ಮಲ್ಲಿ ರಾಷ್ಟ್ರಕೂಟರ ಎರಡನೆಯ ಕೃಷ್ಣ ಆಳುತ್ತಿದ್ದ. ಅವನ ಕಾಲದ ಶಾಸನಗಳೂ ಇದೇ ರೀತಿಯಲ್ಲಿ ಕಾಲವನ್ನು ಹೇಳುತ್ತಿದ್ದವು. ಸಾವಿರಾರು ಮೈಲಿ ದೂರದ ದ್ವೀಪವೊಂದರಲ್ಲಿ ಸಾಲದ ಋಣಮುಕ್ತಿಯನ್ನು ದಾಖಲಿಸಲು ಕುಳಿತವನಿಗೂ ನಮ್ಮ ಪಂಚಾಂಗದ ಮಾತುಗಳೇ ಒದಗಿಬಂದವೆಂಬುದನ್ನು ಕಂಡಾಗ ನನ್ನ ಕಣ್ಣು ತೇವವಾಯಿತು. ಇದು ಕಲಾಕೃತಿಯಲ್ಲ, ದಾಖಲೆ ಎಂದು ಹೇಳುವವರಿದ್ದಾರು; ಆದರೆ ಸ್ಪೇನ್ ದೇಶದವರು ಬರುವ ಮೊದಲು ಇಲ್ಲಿ ಬರಹವೂ ನಾಗರಿಕತೆಯೂ ಇರಲಿಲ್ಲವೆಂಬ ಹಳೆಯ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ. ಅದೇ ಲೋಕದ ಚಿನ್ನದ ಕೆಲಸವನ್ನು ನೋಡುವ ಆಸೆಯಿದ್ದರೆ ಮಕಾತಿಯಲ್ಲಿರುವ, ಟಿಕೆಟ್ ಕೊಂಡು ನೋಡಬೇಕಾದ ಆಯಾಲಾ ಸಂಗ್ರಹಾಲಯಕ್ಕೆ ಹೋಗಬೇಕು. ಸುರಿಗಾವೊದಲ್ಲಿ 1981ರಲ್ಲಿ ದೊರೆತ ನಿಧಿಯಲ್ಲಿ ಯಜ್ಞೋಪವೀತವನ್ನು ಹೋಲುವ, ಸುಮಾರು 4 ಕಿಲೋ ತೂಕದ ಚಿನ್ನದ ಹಾರವಿದೆ.

ಬಟ್ಟೆಗಳ ವಿಭಾಗ, ಮಿಂಡನಾವೊದ ಮುಸ್ಲಿಂ ಸಮುದಾಯಗಳ ‘ಓಕಿರ್’ ಎಂಬ ಬಳ್ಳಿಯ ಕೆತ್ತನೆ, ಅಂಗಳದಲ್ಲಿ ನಿಲ್ಲಿಸಿರುವ ಇಫುಗಾವೊ ಮರದ ಮನೆ, ಇವೆಲ್ಲಕ್ಕೂ ಸಮಯ ಇಟ್ಟುಕೊಳ್ಳಿ. ಬಾಳೆಯ ಜಾತಿಯ ಅಬಾಕಾ ಗಿಡದ ನಾರಿನಿಂದ ನೇಯುವ ‘ತಿನಾಲಕ್’ ಬಟ್ಟೆಯ ವಿನ್ಯಾಸಗಳು ತಮ್ಮ ಕನಸಿನಲ್ಲಿ ಬಂದವೆಂದು ತಿಬೋಲಿ ಸಮುದಾಯದ ನೇಕಾರ ಹೆಂಗಸರು ಹೇಳುತ್ತಾರೆ. ಈ ಪರಂಪರೆಯ ಲಾಂಗ್ ದುಲಾಯ್ ಅವರಿಗೆ 1998ರಲ್ಲಿ ಆ ದೇಶ ಜಾನಪದ ಕುಶಲಕರ್ಮಿಗಳಿಗೆ ಕೊಡುವ ಅತ್ಯುನ್ನತ ಗೌರವ ಸಂದಿತು.

ಇಲ್ಲಿಯೇ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ. ಗಡಿಗೆ, ಮಗ್ಗ, ಕೆತ್ತನೆಗಳೆಲ್ಲ ‘ಮಾನವಶಾಸ್ತ್ರ’ವಾಗಿ, ಚರ್ಚಿನ ವಿಗ್ರಹಗಳಿಂದ ಮುಂದಿನದು ಮಾತ್ರ ‘ಲಲಿತಕಲೆ’ಯಾಗಿ ಬೇರೆ ಬೇರೆ ಕಟ್ಟಡಗಳಿಗೆ ಸೇರಿಹೋಗಿವೆ. ಇಂತಹ ವಿಂಗಡಣೆ ಅನೇಕ ದೇಶಗಳಲ್ಲಿದೆ, ಅದಕ್ಕೆ ಆಡಳಿತದ ಕಾರಣಗಳೂ ಇರಬಹುದು. ಆದರೂ ಮನುಂಗುಲ್‌ನ ಕುಂಬಾರನನ್ನು ಕಲಾವಿದನೆಂದು ಕರೆಯಲು ಹಿಂಜರಿಯುವ ಯಾವ ವರ್ಗೀಕರಣವನ್ನೂ ನಾನು ಒಪ್ಪಲಾರೆ. ಎರಡೂ ಕಟ್ಟಡಗಳನ್ನು ಕಾಲಾನುಕ್ರಮದಲ್ಲಿ ನೋಡಿರೆಂದು ಒತ್ತಾಯಿಸುತ್ತಿರುವುದು ಇದೇ ಕಾರಣಕ್ಕೆ. ಕಟ್ಟಡಗಳು ಬೇರೆ ಮಾಡಿದ್ದನ್ನು ನೋಡುಗನು ನಡೆದುಹೋಗಿ ಜೋಡಿಸಬಹುದು.

ಲಲಿತಕಲೆಯ ಕಟ್ಟಡ ಹಿಂದೆ ಶಾಸಕಾಂಗದ ಭವನವಾಗಿತ್ತು. 1945ರ ಮನಿಲಾ ಕದನದಲ್ಲಿ ನಾಶವಾದ ಅದನ್ನು ಯುದ್ಧಾನಂತರ ಮತ್ತೆ ಕಟ್ಟಿದರು. ಆರಂಭದ ಕೊಠಡಿಯಲ್ಲಿ ಬೊಹೋಲ್ ದ್ವೀಪದ ದಿಮಿಯಾವೊ ಚರ್ಚಿನ ‘ರೆತಾಬ್ಲೊ’, ಅಂದರೆ ಪೂಜಾವೇದಿಕೆಯ ಹಿಂದೆ ಎದ್ದುನಿಲ್ಲುವ ಕೆತ್ತನೆಯ ಮರದ ಭಿತ್ತಿ ಇದೆ. 1565ರಿಂದ ನೆಲೆಯೂರಿದ ಸ್ಪೇನ್ ಆಳ್ವಿಕೆ ಕಲೆಯನ್ನು ಬಹುಕಾಲ ಚರ್ಚಿನ ಸೇವೆಗೆ ಕಟ್ಟಿಹಾಕಿತು. ಆದರೆ ಸಂತರನ್ನು ಕೆತ್ತಿದ ಕೈಗಳು ಸ್ಥಳೀಯರವು ಮತ್ತು ಚೀನಾದಿಂದ ಬಂದು ನೆಲೆಸಿದವರವು.

ಅಲ್ಲಿಂದ ಮುಂದೆ ದೊಡ್ಡ ಸಭಾಂಗಣಕ್ಕೆ ಬಂದರೆ ಹ್ವಾನ್ ಲೂನಾ ಅವರ ‘ಸ್ಪೋಲಿಯಾರಿಯಮ್’. ಸುಮಾರು 4.2 ಮೀಟರ್ ಎತ್ತರ, 7.7 ಮೀಟರ್ ಅಗಲದ ಈ ಚಿತ್ರಕ್ಕೆ 1884ರಲ್ಲಿ ಮ್ಯಾಡ್ರಿಡ್‌ನ ರಾಷ್ಟ್ರೀಯ ಪ್ರದರ್ಶನದಲ್ಲಿ ಚಿನ್ನದ ಪದಕ ದೊರೆಯಿತು. ಅದೇ ಪ್ರದರ್ಶನದಲ್ಲಿ ಫೆಲಿಕ್ಸ್ ರೆಸುರೆಕ್ಸಿಯೊನ್ ಹಿಡಾಲ್ಗೊ ಅವರ ಇನ್ನೊಂದು ಚಿತ್ರಕ್ಕೆ ಬೆಳ್ಳಿ ಪದಕ ಸಂದಿತು. ವಿಷಯ ರೋಮಿನದು: ಕಾಳಗದ ಕಣದಲ್ಲಿ ಸತ್ತ ಮಲ್ಲರ ದೇಹಗಳನ್ನು ನೆಲಮನೆಯೊಳಕ್ಕೆ ಎಳೆದು ತರುತ್ತಿದ್ದಾರೆ, ಎಡಗಡೆ ನೋಡಲು ನೆರೆದ ಗುಂಪು, ಬಲಗಡೆ ಕತ್ತಲಲ್ಲಿ ನಮಗೆ ಬೆನ್ನು ಮಾಡಿ ಕುಸಿದು ಕುಳಿತ ಹೆಂಗಸು. ಮೊದಲು ಹತ್ತಿರ ಹೋಗಿ ಬಣ್ಣದ ದಪ್ಪ ಪದರಗಳನ್ನು ನೋಡಿ, ಅನಂತರ ಹಿಂದಕ್ಕೆ ಸರಿಯುತ್ತ ಬನ್ನಿ. ಒಂದು ಹಂತದಲ್ಲಿ ಆ ಹಗ್ಗದ ಎಳೆತ ನಿಮ್ಮ ಭುಜಕ್ಕೇ ತಾಗುತ್ತದೆ. ಎಳೆಯಲ್ಪಡುತ್ತಿರುವ ಆ ದೇಹ ತಮ್ಮ ನಾಡಿನದೆಂದು ಫಿಲಿಪ್ಪೀನ್ಸಿನ ಜನ ಓದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಪದಕಗಳ ಸಂತೋಷಕೂಟದಲ್ಲಿ ಇಬ್ಬರು ಕಲಾವಿದರನ್ನು ಅಭಿನಂದಿಸಿ ಮಾತನಾಡಿದ ಯುವಕ, ಮುಂದೆ ಆ ದೇಶದ ರಾಷ್ಟ್ರವೀರರೆನಿಸಿದ ಲೇಖಕ ಹೊಸೆ ರಿಸಾಲ್ ಅವರನ್ನು 1896ರ ಡಿಸೆಂಬರ್ 30ರಂದು ಗುಂಡಿಟ್ಟು ಕೊಂದ ಸ್ಥಳ ಪಕ್ಕದ ಉದ್ಯಾನದಲ್ಲೇ ಇದೆ.

ಇಪ್ಪತ್ತನೆಯ ಶತಮಾನದ ಕೊಠಡಿಗಳಲ್ಲಿ ಫೆರ್ನಾಂಡೊ ಅಮೋರ್ಸೋಲೊ ಅವರ ಬಿಸಿಲು ಎದುರಾಗುತ್ತದೆ. ಬೆಳಕು ಆಕೃತಿಗಳ ಹಿಂದಿನಿಂದ ಬಂದು ಅಂಚುಗಳನ್ನು ಹೊಳೆಯಿಸುವ ಅವರ ವಿಧಾನ ನಿಜಕ್ಕೂ ಚೆಲುವಾದದ್ದು. 1972ರಲ್ಲಿ ‘ರಾಷ್ಟ್ರೀಯ ಕಲಾವಿದ’ ಗೌರವ ಪಡೆದ ಮೊದಲಿಗರು ಅವರೇ. ಆದರೆ ಅವರ ನಾಟಿಯ ಗದ್ದೆಗಳಲ್ಲಿ ಯಾರಿಗೂ ಸೊಂಟ ನೋಯುವುದಿಲ್ಲ. ಆ ಕೊರತೆಯನ್ನು ಎತ್ತಿ ತೋರಿಸಿದವರು 1928ರಲ್ಲಿ ಅಮೆರಿಕದಿಂದ ಮರಳಿದ ವಿಕ್ಟೋರಿಯೊ ಎಡಾಡೆಸ್. ಅವರ ‘ದಿ ಬಿಲ್ಡರ್ಸ್’ ಚಿತ್ರದ ಕೂಲಿಯಾಳುಗಳು ಮಣ್ಣಿನ ಬಣ್ಣದವರು, ತಿರುಚಿದ ಮೈಯವರು. ಆ ಚಿತ್ರ ಇರುವುದು ಫಿಲಿಪ್ಪೀನ್ಸ್ ಸಾಂಸ್ಕೃತಿಕ ಕೇಂದ್ರದ ಸಂಗ್ರಹದಲ್ಲಿ. ಯುದ್ಧದ ಕ್ರೌರ್ಯವನ್ನು ಚಿತ್ರಿಸಿದ ಕೃತಿಗಳಿರುವ ಕೊಠಡಿಯಲ್ಲಿ, ನಾವು ನಿಂತಿರುವ ಗೋಡೆಗಳೇ ಆ ಯುದ್ಧದಲ್ಲಿ ಉರುಳಿದ್ದವೆಂಬುದು ನೆನಪಿರಲಿ.

ಕೊನೆಗೆ ನೋಡಬೇಕಾದದ್ದು ಬೊಟೊಂಗ್ ಎಂದು ಹೆಸರಾದ ಕಾರ್ಲೋಸ್ ಫ್ರಾನ್ಸಿಸ್ಕೊ ಅವರು ಸರ್ಕಾರಿ ಆಸ್ಪತ್ರೆಯೊಂದರ ಪ್ರವೇಶಾಂಗಣಕ್ಕಾಗಿ 1953ರಲ್ಲಿ ರಚಿಸಿದ ನಾಲ್ಕು ದೊಡ್ಡ ಫಲಕಗಳು. ವೈದ್ಯದ ಚರಿತ್ರೆಯನ್ನು ಹೇಳುವ ನೆಪದಲ್ಲಿ ಅವರು ಸ್ಪೇನ್ ಪೂರ್ವದ ನಾಟಿ ಚಿಕಿತ್ಸೆಯಿಂದ ತಮ್ಮ ಕಾಲದವರೆಗಿನ ಬದುಕನ್ನೆಲ್ಲ ಒಂದೇ ಹರಿವಿನಲ್ಲಿ ತಂದಿದ್ದಾರೆ. ಎರಡು ಕಟ್ಟಡಗಳು ಹಂಚಿಕೊಂಡದ್ದು ಇಲ್ಲಿ ಒಂದೆಡೆ ಸೇರಿದೆ. ಇದೇ ಬೊಟೊಂಗ್ 1965ರಲ್ಲಿ ತಮ್ಮ ಊರು ಅಂಗೊನೊ ಬಳಿಯ ಬಂಡೆಯಾಸರೆಯಲ್ಲಿ ಪ್ರಾಚೀನ ಗೀರುಚಿತ್ರಗಳನ್ನು ಪತ್ತೆಹಚ್ಚಿದರು. ಮನುಷ್ಯರು, ಪ್ರಾಣಿಗಳು ಸೇರಿ 127 ಆಕೃತಿಗಳನ್ನು ಅಲ್ಲಿ ಗುರುತಿಸಲಾಗಿದ್ದು, ದೇಶದ ಅತಿ ಹಳೆಯ ಕಲೆಯೆಂದು ಅವು ಮಾನ್ಯವಾಗಿವೆ. ಮನಿಲಾದಿಂದ ಅಂಗೊನೊ ಸುಮಾರು 30 ಕಿಲೋಮೀಟರ್. ಮೂರನೆಯ ದಿನವೊಂದು ಕೈಯಲ್ಲಿದ್ದರೆ ಬೆಳಿಗ್ಗೆಯೇ ಹೊರಟುಬಿಡಿ.