ಗಣಿಯ ನೀರಿನಿಂದ ಬಂದ ಮೂರು ಬಣ್ಣಗಳು

ಹವಾಮಾನ ಬದಲಾವಣೆಯನ್ನು ಅಮೂರ್ತ ಚಿತ್ರದಲ್ಲಿ ಹಿಡಿಯಲು ಹೊರಟವರಲ್ಲಿ ಬಹುಪಾಲು ಮಂದಿ ನೀಲಿ–ಕೆಂಪಿನ ಜೋಡಿಗೆ ಬಂದು ನಿಲ್ಲುತ್ತಾರೆ. ನೀಲಿಯೆಂದರೆ ತಂಪು, ಕೆಂಪೆಂದರೆ ಕಾವು. ನೋಡುವವರಿಗೆ ವಿವರಿಸಬೇಕಾದ್ದೇ ಇಲ್ಲ. ರೀಡಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ರೂಪಿಸಿದ ಪಟ್ಟೆಗಳ ಚಿತ್ರ, ವರ್ಷಕ್ಕೊಂದು ಗೆರೆ ಎಳೆದು ಭೂಮಿಯ ಉಷ್ಣಾಂಶದ ಏರಿಕೆಯನ್ನು ಒಂದೇ ನೋಟಕ್ಕೆ ಕಾಣಿಸುವ ಆ ಚಿತ್ರ, ಈ ಜೋಡಿಯನ್ನು ಎಷ್ಟು ಚೆನ್ನಾಗಿ ದುಡಿಸಿಕೊಂಡಿದೆಯೆಂದರೆ, ಅದೇ ದಾರಿಯಲ್ಲಿ ಹಿಂದೆ ಬರುವ ಕಲಾವಿದರಿಗೆ ಹೇಳಲು ಹೆಚ್ಚೇನೂ ಉಳಿದಿಲ್ಲ. ಆ ದಾರಿಯಲ್ಲಿ ನಾಲ್ಕಾರು ಕ್ಯಾನ್ವಾಸ್ ಹಾಳುಮಾಡಿಕೊಂಡ ಮೇಲೆ ನಾನು ತರಿಸಿಕೊಂಡದ್ದು ಗ್ಯಾಂಬ್ಲಿನ್ ಕಂಪನಿಯ ‘ರಿಕ್ಲೇಮ್ಡ್ ಅರ್ತ್ ಕಲರ್ಸ್’ ಎಂಬ ತೈಲವರ್ಣಗಳನ್ನು. ಇರುವುದು ಮೂರೇ ಬಣ್ಣ: ಬ್ರೌನ್ ಓಕರ್, ರಸ್ಟ್ ರೆಡ್ ಮತ್ತು ಐರನ್ ವಯಲೆಟ್.

ಈ ಬಣ್ಣಗಳ ಮೂಲ ಅಮೆರಿಕದ ಓಹಾಯೋ ರಾಜ್ಯದ ಆಗ್ನೇಯ ಭಾಗದ ಪಾಳುಬಿದ್ದ ಕಲ್ಲಿದ್ದಲು ಗಣಿಗಳಲ್ಲಿದೆ. ಗಣಿಯೊಳಗಿನ ಪೈರೈಟ್ ಎಂಬ ಕಬ್ಬಿಣ–ಗಂಧಕದ ಖನಿಜಕ್ಕೆ ಗಾಳಿ ಮತ್ತು ನೀರು ತಾಗಿದಾಗ ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣ ನೀರಿನಲ್ಲಿ ಕರಗುತ್ತದೆ. ಆ ನೀರು ಹೊರಬಂದು ಹೊಳೆ ಸೇರಿದೊಡನೆ ಕಬ್ಬಿಣ ಮತ್ತೆ ಗಟ್ಟಿಯಾಗಿ, ಕಿತ್ತಳೆ ಬಣ್ಣದ ಕೆಸರಾಗಿ ತಳದ ಕಲ್ಲುಗಳನ್ನೆಲ್ಲ ಮುಚ್ಚುತ್ತದೆ; ಅಲ್ಲಿ ಮೀನು ಬದುಕುವುದಿಲ್ಲ. ಗಣಿಗಾರಿಕೆ ಮುಗಿದ ನೆಲವನ್ನು ಸರಿಪಡಿಸಲೇಬೇಕೆಂಬ ಒಕ್ಕೂಟ ಕಾನೂನು ಆ ದೇಶದಲ್ಲಿ ಬಂದದ್ದು 1977ರಲ್ಲಿ. ಅದಕ್ಕೂ ಮೊದಲು ಕೈಬಿಟ್ಟ ಗಣಿಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಓಹಾಯೋ ವಿಶ್ವವಿದ್ಯಾಲಯದ ಎಂಜಿನಿಯರ್ ಗೈ ರೀಫ್ಲರ್ ಮತ್ತು ಅಲ್ಲಿಯೇ ಚಿತ್ರಕಲೆ ಕಲಿಸುವ ಜಾನ್ ಸಾಬ್ರಾ ಸೇರಿ, ಈ ನೀರಿನಿಂದ ಕಬ್ಬಿಣದ ಆಕ್ಸೈಡನ್ನು ಬೇರ್ಪಡಿಸಿ ವರ್ಣದ್ರವ್ಯ ಮಾಡುವ ಕ್ರಮವನ್ನು ರೂಪಿಸಿದರು. ಹಳದಿ ಛಾಯೆಯ ಪುಡಿಯನ್ನು ಕಾಯಿಸಿದರೆ ಕೆಂಪು, ಇನ್ನೂ ಹೆಚ್ಚು ಕಾಯಿಸಿದರೆ ನೇರಳೆ. ಕಾವು ಏರಿದಂತೆ ಬಣ್ಣ ಕಪ್ಪಾಗುತ್ತ ಹೋಗುವ ಈ ಸಂಗತಿಯನ್ನು ಉಪಮೆಯೆಂದು ಯಾರೂ ಕಟ್ಟಿದ್ದಲ್ಲ, ಆದರೂ ಟ್ಯೂಬ್ ತೆರೆದಾಗಲೆಲ್ಲ ನನಗದು ನೆನಪಾಗುತ್ತದೆ.

ಬಣ್ಣವಾಗಿ ಇವು ಹೇಗಿವೆ ಎಂಬುದೇ ಮುಖ್ಯ ಪ್ರಶ್ನೆ. ಬ್ರೌನ್ ಓಕರ್ ಶಾಂತ ಸ್ವಭಾವದ್ದು, ತೆಳುವಾಗಿ ಹರಡಿದರೆ ಒಣಹುಲ್ಲಿನ ಬಣ್ಣ, ಮಂದವಾಗಿ ಹಚ್ಚಿದರೆ ಒದ್ದೆ ಮಣ್ಣು. ರಸ್ಟ್ ರೆಡ್ ಇದಕ್ಕೆ ತದ್ವಿರುದ್ಧ. ಟೈಟಾನಿಯಂ ವೈಟ್‌ನ ದೊಡ್ಡ ಮುದ್ದೆಗೆ ಕಡಲೆಕಾಳಿನಷ್ಟು ಸೇರಿಸಿದರೂ ಬಿಳಿಯನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ, ಆದ್ದರಿಂದ ಚಾಕುವಿನ ತುದಿಯಲ್ಲಿ ಅಳೆದು ಬಳಸುವುದು ಒಳ್ಳೆಯದು. ನನಗೆ ಹಿಡಿಸಿದ್ದು ಐರನ್ ವಯಲೆಟ್. ಟ್ಯೂಬಿನಿಂದ ಹೊರಬಂದಾಗ ಅದು ಹೆಪ್ಪುಗಟ್ಟಿದ ನೆತ್ತರಿನಂತೆ ಕಾಣುತ್ತದೆ. ಬಿಳಿ ಬೆರೆಸಿದಾಗ ಮಾತ್ರ ಒಳಗಿನ ನೇರಳೆ ಮೇಲೆ ಬಂದು, ಬೂದಿಗೂ ಸಂಜೆಯ ಮೋಡಕ್ಕೂ ನಡುವಿನ ಒಂದು ತಣ್ಣನೆಯ ಛಾಯೆ ಸಿಗುತ್ತದೆ. ಕಬ್ಬಿಣದ ಆಕ್ಸೈಡ್ ಬಿಸಿಲಿಗೆ ಮಾಸುವ ವಸ್ತುವಲ್ಲವಾದ್ದರಿಂದ ಬಾಳಿಕೆಯ ಬಗ್ಗೆ ಚಿಂತೆಯಿಲ್ಲ.

ಮೊದಲ ಪ್ರಯತ್ನದಲ್ಲಿ ಸೋತದ್ದು ನನ್ನದೇ ತಪ್ಪಿನಿಂದ. ಹಳೆಯ ಚಟ ಬಿಡದೆ, ಮೂರು ಬಣ್ಣಗಳನ್ನೂ ಅಡ್ಡಪಟ್ಟೆಗಳಾಗಿ ಎಳೆದೆ. ಹಾಕಿನ್ಸ್ ಅವರ ಗೆರೆಗಳನ್ನೇ ಮಲಗಿಸಿ ಕಂದು ಬಣ್ಣದಲ್ಲಿ ನಕಲು ಮಾಡಿದಂತಾಯಿತು. ಎಲ್ಲವನ್ನೂ ಚಾಕುವಿನಿಂದ ಕೆರೆದು ತೆಗೆದೆ. ಆಗ ಕ್ಯಾನ್ವಾಸಿನ ನೇಯ್ಗೆಯೊಳಗೆ ಕಚ್ಚಿಕೊಂಡು ಉಳಿದ ಕೆಂಪು ಕಲೆ, ಎಷ್ಟು ಒರೆಸಿದರೂ ಬಿಡದ ಆ ಕಲೆ, ನಾನು ಎಳೆದ ಪಟ್ಟೆಗಳಿಗಿಂತ ಹೆಚ್ಚು ನಿಜವೆನಿಸಿತು. ಎರಡನೆಯ ಚಿತ್ರವನ್ನು ಅದರ ಮೇಲೆಯೇ ಕಟ್ಟಿದೆ: ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ನೇರಳೆಯನ್ನು ಸುರಿದು, ಹರಿಯಲು ಬಿಟ್ಟು, ಬಟ್ಟೆಯಿಂದ ಅಲ್ಲಲ್ಲಿ ಎತ್ತಿ, ಒಣಗಿದ ಮೇಲೆ ಬಿಳಿಯನ್ನು ತೆಳುವಾಗಿ ಎಳೆದು ಪುನಃ ಒರೆಸಿದೆ. ಸಾಬ್ರಾ ಅವರ ದುಂಡನೆಯ ಚಿತ್ರಗಳಲ್ಲಿಯೂ ಬಣ್ಣ ಹರಿದು, ನಿಂತು, ಪದರಗಟ್ಟಿ ತಾನೇ ಆಕಾರ ಪಡೆದಂತೆ ಕಾಣುವುದು ಏಕೆಂದು ಆಗ ಅರ್ಥವಾಯಿತು. ಇಲ್ಲಿ ಕೆಂಪು ಕಾವಿನ ಸಂಕೇತವಲ್ಲ. ಕಲ್ಲಿದ್ದಲನ್ನು ಅಗೆದ ಜಾಗದಿಂದಲೇ ಬಂದ ವಸ್ತು.

ಹಾಗೆಂದು ಈ ಟ್ಯೂಬ್‌ಗಳಿಗೆ ಇಲ್ಲದ ಪುಣ್ಯವನ್ನು ಹೊರಿಸಬಾರದು. ಹೊಳೆಗೆ ಬೀಳುವ ಕಬ್ಬಿಣವನ್ನು ಹಿಡಿದರೆ ಆ ಹೊಳೆಗೆ ಒಳಿತು. ಉರಿದುಹೋದ ಕಲ್ಲಿದ್ದಲಿನ ಇಂಗಾಲ ಮಾತ್ರ ವಾತಾವರಣದಲ್ಲಿಯೇ ಇದೆ, ಅದನ್ನು ಯಾವ ಬಣ್ಣವೂ ಹಿಂದಕ್ಕೆ ತರುವುದಿಲ್ಲ. ಇನ್ನೊಂದು ಅಪಾಯ ಚಿತ್ರಕ್ಕೇ ಸಂಬಂಧಿಸಿದ್ದು. ಬಣ್ಣದ ಕಥೆ ಅಷ್ಟು ಚೆನ್ನಾಗಿರುವಾಗ, ಚಿತ್ರ ಪೇಲವವಾಗಿದ್ದರೂ ಪಕ್ಕದ ಫಲಕದಲ್ಲಿ ನಾಲ್ಕು ಸಾಲು ಬರೆದು ದಾಟಿಸಿಬಿಡುವ ಆಸೆ ಹುಟ್ಟುತ್ತದೆ. ನಾನು ಎರಡನೆಯ ಚಿತ್ರವನ್ನು ಬಣ್ಣದ ಮೂಲ ಹೇಳದೆಯೇ ಕೆಲವರಿಗೆ ತೋರಿಸಿದೆ. ಒಬ್ಬರು ತುಕ್ಕು ಎಂದರು, ಇನ್ನೊಬ್ಬರು ಗಾಯ ಎಂದರು, ಹವಾಮಾನದ ಮಾತನ್ನು ಯಾರೂ ಎತ್ತಲಿಲ್ಲ.

ಛಾಯೆಗಾಗಿ ಮಾತ್ರ ಕೊಳ್ಳುವವರಿಗೆ ಇವು ಅನಿವಾರ್ಯವಲ್ಲ, ಏಕೆಂದರೆ ಕಬ್ಬಿಣದ ಕೆಂಪು ಮತ್ತು ಓಕರ್ ಯಾವ ತೈಲವರ್ಣದ ಸಾಲಿನಲ್ಲಿಯೂ ಸಿಗುತ್ತವೆ. ಭೂದೃಶ್ಯ ಬರೆಯುವವರಿಗೆ ಹಸಿರು ಮತ್ತು ನೀಲಿಯ ಟ್ಯೂಬ್‌ಗಳು ಜೊತೆಗೆ ಬೇಕೇ ಬೇಕು. ಮೂರೇ ಬಣ್ಣಗಳ ಇಕ್ಕಟ್ಟಿನಲ್ಲಿ ಕೆಲಸ ಮಾಡಲು ಸಿದ್ಧರಿರುವ ಅಮೂರ್ತ ಚಿತ್ರಕಾರರಿಗೆ ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನನ್ನ ಐರನ್ ವಯಲೆಟ್ ಟ್ಯೂಬ್ ಈಗಾಗಲೇ ತಳದಿಂದ ಮೂರು ಸುತ್ತು ಮಡಿಚಿಕೊಂಡಿದೆ. ಅಲ್ಟ್ರಾಮರೀನ್ ಎಂಬ ನೀಲಿಯ ಟ್ಯೂಬ್ ಕೆಲವು ತಿಂಗಳಿಂದ ಮುಚ್ಚಳ ತೆರೆಯದೆ ಕುಳಿತಿದೆ.