ಆಟ ಪರವಾಗಿಲ್ಲ, ಗ್ಯಾಲರಿ ಅಸಾಧ್ಯ: ಡೆಟ್ರಾಯ್ಟ್ ಸಿಟಿ ಎಫ್‌ಸಿ ಪಂದ್ಯಕ್ಕೆ ಹೋಗುವ ಮುನ್ನ

ಮಿಶಿಗನ್ನಿನ ಟ್ರಾಯ್, ನೋವೈ, ಕ್ಯಾಂಟನ್ ಕಡೆಯ ಕನ್ನಡದ ಮನೆಗಳಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳನ್ನು ಸಾಕರ್ ಪ್ರಾಕ್ಟೀಸಿಗೆ ಬಿಟ್ಟು ಬರುವವರಿಗೇನೂ ಬರವಿಲ್ಲ. ದೊಡ್ಡವರ ಆಟ ನೋಡಬೇಕೆಂದರೆ ಮಾತ್ರ ಟಿವಿ ಹಚ್ಚಿ ಪ್ರೀಮಿಯರ್ ಲೀಗ್ ನೋಡುವುದೇ ರೂಢಿ. ಹ್ಯಾಮ್‌ಟ್ರ್ಯಾಮಿಕ್‌ನ ಕೀವರ್ತ್ ಸ್ಟೇಡಿಯಂ ಮುಕ್ಕಾಲು ಗಂಟೆಯೊಳಗಿನ ಡ್ರೈವು, ಟ್ರಾಯ್‌ನಿಂದಾದರೆ ಇನ್ನೂ ಹತ್ತಿರ. ಅಲ್ಲಿ ಕಾಣುವ ಆಟ ಟಿವಿಯಲ್ಲಿ ಕಾಣುವಷ್ಟು ನಯವಾಗಿರುವುದಿಲ್ಲ. ಆದರೂ ಒಮ್ಮೆ ಹೋಗಲೇಬೇಕು. ಯಾಕೆ ಅನ್ನುವುದು ಅಲ್ಲಿ ಆಡುವ ಡೆಟ್ರಾಯ್ಟ್ ಸಿಟಿ ಎಫ್‌ಸಿ ಎಂಬ ಕ್ಲಬ್ಬು ಬೆಳೆದ ರೀತಿಯಲ್ಲಿದೆ.

2010ರಲ್ಲಿ ಡೆಟ್ರಾಯ್ಟ್‌ನ ಬಡಾವಣೆಗಳ ನಡುವೆ ಒಂದು ಹವ್ಯಾಸಿ ಲೀಗ್ ಶುರುವಾಯಿತು. ಅದರ ಜೊತೆಗಿದ್ದ ಐದು ಮಂದಿ ಗೆಳೆಯರು 2012ರಲ್ಲಿ ಈ ಕ್ಲಬ್ ಕಟ್ಟಿ ನ್ಯಾಷನಲ್ ಪ್ರೀಮಿಯರ್ ಸಾಕರ್ ಲೀಗ್ ಅಂದರೆ ಎನ್‌ಪಿಎಸ್ಎಲ್‌ಗೆ ಸೇರಿಸಿದರು. ಅದನ್ನು ಸೆಮಿ ಪ್ರೊಫೆಶನಲ್ ಲೀಗ್ ಎಂದು ಕರೆಯುವುದು ವಾಡಿಕೆ. ವಾಸ್ತವದಲ್ಲಿ ಅಂಥ ಲೀಗಿನ ತಂಡಗಳಲ್ಲಿ ಹೆಚ್ಚಿನವರು ಕಾಲೇಜು ಹುಡುಗರು. ಸಂಬಳ ಪಡೆದರೆ ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಹೋಗುತ್ತದೆ, ಹಾಗಾಗಿ ಬಿಟ್ಟಿಯಾಗಿ ಆಡುತ್ತಾರೆ. ಆಗಸ್ಟ್ ಬಂತೆಂದರೆ ಗಂಟುಮೂಟೆ ಕಟ್ಟುತ್ತಾರೆ. ಇಡೀ ಸೀಸನ್ನು ಮೇ ತಿಂಗಳಿಂದ ಜುಲೈಯೊಳಗೆ ಮುಗಿಯಬೇಕು. ಈ ವರ್ಷ ಗೋಲು ಹೊಡೆದವನು ಮುಂದಿನ ವರ್ಷ ಬರುತ್ತಾನೆಂಬ ಖಾತರಿ ಇಲ್ಲ. ಇಂಥ ಕ್ಲಬ್ಬುಗಳು ಎರಡು ಮೂರು ವರ್ಷಕ್ಕೆ ಬಾಗಿಲು ಹಾಕುವುದು ಇದೇ ಕಾರಣಕ್ಕೆ: ಪ್ರೇಕ್ಷಕರು ನೆಚ್ಚಿಕೊಳ್ಳಲು ಒಂದು ಮುಖವೂ ಉಳಿದಿರುವುದಿಲ್ಲ. ಡೆಟ್ರಾಯ್ಟ್‌ನಲ್ಲಿ ಆ ಜಾಗವನ್ನು ಗ್ಯಾಲರಿಯೇ ತುಂಬಿತು. ಕ್ಯಾಸ್ ಟೆಕ್ ಹೈಸ್ಕೂಲಿನ ಮೈದಾನದಲ್ಲಿ ನಾರ್ದರ್ನ್ ಗಾರ್ಡ್ ಎಂಬ ಅಭಿಮಾನಿ ಗುಂಪು ಡ್ರಮ್ಮು, ಬಾವುಟ, ಬಣ್ಣದ ಹೊಗೆ ಹಿಡಿದು ನಿಂತಿತು. ಆಟಗಾರರು ಬಂದರು, ಹೋದರು. ಗ್ಯಾಲರಿಯವರು ಮಾತ್ರ ಅಲ್ಲೇ ಇದ್ದರು.

ನಾಲ್ಕು ಸೀಸನ್ನಿಗೆ ಆ ಮೈದಾನ ಸಾಲದಾಯಿತು. ಮುಂದಿನ ನೆಲೆ ಕೀವರ್ತ್. ಆರ್ಥಿಕ ಮುಗ್ಗಟ್ಟಿನ ಕಾಲದ ಸರ್ಕಾರಿ ಕಾಮಗಾರಿಯಲ್ಲಿ ಎದ್ದ ಕಾಂಕ್ರೀಟ್ ಸ್ಟೇಡಿಯಂ ಅದು, 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಖುದ್ದಾಗಿ ಬಂದು ಉದ್ಘಾಟಿಸಿದ್ದು. ಒಡೆತನ ಹ್ಯಾಮ್‌ಟ್ರ್ಯಾಮಿಕ್‌ನ ಶಾಲಾ ಆಡಳಿತದ್ದು. ಕ್ಲಬ್ಬು ಬರುವ ಹೊತ್ತಿಗೆ ರಿಪೇರಿ ಆಗದೆ ಕೂರುವ ಸ್ಥಿತಿಯಲ್ಲಿರಲಿಲ್ಲ. ರಿಪೇರಿಗೆ ಬೇಕಾದ ಹಣವನ್ನು ಕ್ಲಬ್ಬು ಅಭಿಮಾನಿಗಳಿಂದಲೇ ಎತ್ತಿತು: 527 ಜನ, 7,41,250 ಡಾಲರ್. ತಲೆಗೆ ಸರಾಸರಿ 1,400 ಡಾಲರಿನ ಆಸುಪಾಸು. ಇದು ಚಂದಾ ಅಲ್ಲ, ಪಾಲೂ ಅಲ್ಲ. ಆದಾಯದಲ್ಲಿ ಇಷ್ಟಿಷ್ಟು ಎಂದು ವಾಪಸು ಕೊಡುವ ಕರಾರಿನ ಮೇಲೆ ಪಡೆದ ದುಡ್ಡು. ಪಾಲು ಮಾರಾಟಕ್ಕೆ ಬಂದದ್ದು 2020ರಲ್ಲಿ, ಅದೂ ಶೇಕಡಾ ಹತ್ತರಷ್ಟು. "ನಾನೂ ಓನರ್" ಎಂದು ಮಫ್ಲರ್ ಬೀಸುವವರು ಗ್ಯಾಲರಿಯಲ್ಲಿ ಸಿಗುತ್ತಾರೆ. ಸುಳ್ಳೇನಲ್ಲ, ಆದರೆ ಹಿಡಿತ ಅವರ ಕೈಯಲ್ಲಿಲ್ಲ. ಅಂಥ ಪಾಲನ್ನು ಹೂಡಿಕೆ ಎಂದು ಕೊಳ್ಳುವುದು ಜಾಣತನವಲ್ಲ, ಪ್ರೀತಿಗೆ ಕೊಂಡರೆ ಸರಿ.

ಇನ್ನೊಂದು ವಿಷಯ ನಮ್ಮವರಿಗೆ ವಿಚಿತ್ರವಾಗಿ ಕಾಣುತ್ತದೆ. ನಮ್ಮ ದೇಶದ ಐ-ಲೀಗ್ ಫುಟ್‌ಬಾಲಿನಲ್ಲಿ ಗೆದ್ದರೆ ಮೇಲಿನ ದರ್ಜೆಗೆ, ಸೋತರೆ ಕೆಳಗಿನ ದರ್ಜೆಗೆ. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು, ಮರುವರ್ಷವೇ ಕೆಳಗಿಳಿಯಿತು. ಅಮೆರಿಕದಲ್ಲಿ ಈ ಏಣಿಯೇ ಇರಲಿಲ್ಲ. ಡೆಟ್ರಾಯ್ಟ್ ಸಿಟಿ ಎನ್‌ಪಿಎಸ್ಎಲ್‌ನ ರಾಷ್ಟ್ರೀಯ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದದ್ದಿಲ್ಲ. 2020ರಲ್ಲಿ ಎನ್ಐಎಸ್ಎ ಎಂಬ ಪ್ರೊಫೆಶನಲ್ ಲೀಗಿಗೂ 2022ರಲ್ಲಿ ಎರಡನೇ ದರ್ಜೆಯ ಯುಎಸ್ಎಲ್ ಚಾಂಪಿಯನ್‌ಶಿಪ್‌ಗೂ ಹೋದದ್ದು ಟಿಕೆಟ್ ಮಾರಾಟದ ಬಲದಿಂದ, ಸ್ಟೇಡಿಯಂ ತುಂಬಿಸಬಲ್ಲೆವೆಂಬ ಲೆಕ್ಕದಿಂದ. ಮೇಲಿನವರೊಡನೆ ಆಡಲು ಲಾಯಕ್ಕೇ ಎಂದು ಕೇಳಿದವರಿಗೆ 2022ರ ಏಪ್ರಿಲ್ 19ರಂದು ಉತ್ತರ ಸಿಕ್ಕಿತು: ಬೇರೆ ಬೇರೆ ದರ್ಜೆಯ ತಂಡಗಳು ಆಡುವ ಯುಎಸ್ ಓಪನ್ ಕಪ್ಪಿನಲ್ಲಿ, ಅಮೆರಿಕದ ಮೊದಲ ದರ್ಜೆಯ ಲೀಗಾದ ಎಂಎಲ್ಎಸ್‌ನ ಕೊಲಂಬಸ್ ಕ್ರೂ ತಂಡವನ್ನು ಕೀವರ್ತ್‌ನಲ್ಲೇ 2-1ರಿಂದ ಸೋಲಿಸಿದರು.

ಈಗ ಹೋಗುವ ವಿಚಾರ. ಟಿಕೆಟ್ ತೆಗೆಯುವಾಗ ಬೆಲೆಗಿಂತ ಮೊದಲು ಸೀಟಿನ ನಕ್ಷೆ ನೋಡಿ. 2025ರ ಸೀಸನ್ನಿಗೆ ಮುಂಚೆ ಒಂದು ಬದಿಯ ಹಳೆಯ ಗ್ಯಾಲರಿಯನ್ನು ಸುರಕ್ಷತೆಯ ಕಾರಣಕ್ಕೆ ಮುಚ್ಚಬೇಕಾಯಿತು. ಹಾಗಾಗಿ ಹಿಂದೆ ಹೋಗಿ ಬಂದವರು ಹೇಳಿದ ಜಾಗ ಈಗ ಹಾಗೇ ಇರುತ್ತದೆಂದು ನಂಬಬೇಡಿ. ನಾರ್ದರ್ನ್ ಗಾರ್ಡ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಕ್ಷೆಯಲ್ಲಿ ಪತ್ತೆ ಮಾಡಿ, ಆಮೇಲೆ ತೀರ್ಮಾನಿಸಿ. ಅವರ ನಡುವೆ ಸೀಟು ಎಂಬುದಕ್ಕೆ ಅರ್ಥವಿಲ್ಲ, ತೊಂಬತ್ತು ನಿಮಿಷವೂ ನಿಂತೇ ಇರಬೇಕು. ಬೈಗುಳವಿಲ್ಲದ ಹಾಡು ಕಡಿಮೆ. ಎಂಟು ವರ್ಷದ ಮಗು ಕಾರಿನಲ್ಲಿ ಹಿಂತಿರುಗುವಾಗ ಆ ಸಾಲುಗಳ ಅರ್ಥ ಕೇಳುವುದು ಬೇಡವೆಂದಿದ್ದರೆ ದೂರದ ಸೀಟು ತೆಗೆದುಕೊಳ್ಳಿ.

ಗೋಲು ಬಿದ್ದ ಕೂಡಲೇ ಕೆಂಪು ಮತ್ತು ಚಿನ್ನದ ಬಣ್ಣದ ಹೊಗೆ ಏಳುತ್ತದೆ. ಮೊದಲು ಗುಂಪಿನ ಮುಂದಿನ ಸಾಲು ಮಾಯ, ಆಮೇಲೆ ಡ್ರಮ್ಮಿನವರು ಮಾಯ. ಸದ್ದು ಮಾತ್ರ ಹೊಗೆಯೊಳಗಿಂದ ಬರುತ್ತಿರುತ್ತದೆ. ನೋಡಲು ಚೆಂದ, ಉಸಿರಾಟದ ತೊಂದರೆ ಇರುವವರಿಗೆ ಕಷ್ಟ. ಬಾವುಟಗಳು ಯಾವ ಕಡೆ ಹಾರುತ್ತಿವೆ ನೋಡಿದರೆ ಗಾಳಿ ಎತ್ತ ಬೀಸುತ್ತಿದೆ ಗೊತ್ತಾಗುತ್ತದೆ, ಅದರ ಎದುರು ದಿಕ್ಕಿಗೆ ಸರಿದು ಕೂತರೆ ಸಾಕು. ಇನ್ಹೇಲರ್ ಕಾರಿನಲ್ಲಿ ಬಿಡಬೇಡಿ. ಕೂಸುಗಳಿದ್ದರೆ ಕಿವಿ ಮುಚ್ಚುವ ಹೆಡ್‌ಫೋನ್ ಬೇಕೇ ಬೇಕು. ಟೆಟ್ರಿಸ್ ಆಟದ ರಾಗ ಹಾಡುತ್ತಾ ಸಾಲುಸಾಲಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ಓಲಾಡುವುದನ್ನಂತೂ ತಪ್ಪಿಸಿಕೊಳ್ಳಬೇಡಿ. ಅದು ದೂರದಿಂದಲೇ ಚೆನ್ನಾಗಿ ಕಾಣುತ್ತದೆ.

ಐ-75ರಲ್ಲಿ ಹೋಲ್‌ಬ್ರೂಕ್–ಕ್ಯಾನಿಫ್ ಎಕ್ಸಿಟ್ ಹಿಡಿಯಿರಿ. ಸ್ಟೇಡಿಯಂ ಸುತ್ತ ಇರುವುದೆಲ್ಲ ಮನೆಗಳು, ಒತ್ತೊತ್ತಾಗಿ, ಸಣ್ಣ ಬೀದಿಗಳು. ಒಂದು ಗಂಟೆ ಮುಂಚೆ ಹೋದರೆ ಕಾರು ನಿಲ್ಲಿಸಲು ಜಾಗ ಸಿಗುತ್ತದೆ, ತಡವಾದರೆ ದೂರ ನಿಲ್ಲಿಸಿ ನಡೆಯಬೇಕು. ಬೋರ್ಡು ಓದದೆ ನಿಲ್ಲಿಸಬೇಡಿ, ಯಾರದೇ ಮನೆಯ ಡ್ರೈವ್‌ವೇಗೆ ಅಡ್ಡ ಇಡಬೇಡಿ. ಮಾರ್ಚ್, ಏಪ್ರಿಲ್ ಪಂದ್ಯಗಳಲ್ಲಿ ತಂಪು ಕಾಂಕ್ರೀಟಿನಿಂದ ಮೇಲಕ್ಕೆ ಹತ್ತುತ್ತದೆ. ಜಾಕೆಟ್ಟಿಗಿಂತ ಕೂರಲು ದಪ್ಪ ಕಂಬಳಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಊಟಕ್ಕೆ ಸ್ಟೇಡಿಯಂ ನೆಚ್ಚಬೇಡಿ. ಹ್ಯಾಮ್‌ಟ್ರ್ಯಾಮಿಕ್ ಬಹುಪಾಲು ಸುತ್ತಲೂ ಡೆಟ್ರಾಯ್ಟೇ ಇರುವ ಐದೂವರೆ ಚದರ ಕಿಲೋಮೀಟರಿನ ಪುಟ್ಟ ಊರು. ಒಂದು ಕಾಲಕ್ಕೆ ಪೋಲೆಂಡಿನವರದು, ಈಗ ಬಾಂಗ್ಲಾ ಮತ್ತು ಯೆಮನ್ ಮೂಲದವರು ಹೆಚ್ಚು. ಕೋನಂಟ್ ರಸ್ತೆಯ ಬಾಂಗ್ಲಾ ಹೋಟೆಲುಗಳಲ್ಲಿ ಸಿಂಗಾರ ಎಂಬ ಬಂಗಾಳಿ ಸಮೋಸ, ದಾಲ್, ಮಿಠಾಯಿ ಸಿಗುತ್ತವೆ, ಸಸ್ಯಾಹಾರಿಗಳಿಗೆ ಅದೇ ಸಲೀಸು. ಪೋಲಿಷ್ ಹೋಟೆಲಿಗೆ ಹೋದರೆ ಆಲೂಗಡ್ಡೆ-ಚೀಸಿನ ಪಿರೋಗಿ ಕೇಳಿ. ನಮ್ಮ ಕರ್ಜಿಕಾಯಿಯನ್ನು ಬೇಯಿಸಿದರೆ ಹೇಗಿರುತ್ತದೋ ಹಾಗೆ. ಒಳಗಿರುವುದು ಸಸ್ಯಾಹಾರವಾದರೂ ಹುರಿಯುವ ಕೊಬ್ಬು ಹಂದಿಯದಾಗಿರಬಹುದು, ಬೆಣ್ಣೆಯೋ ಏನೆಂದು ಮೊದಲೇ ವಿಚಾರಿಸಿ.

ಕ್ಲಬ್ಬಿನ ಬಗ್ಗೆ ನಮ್ಮ ತಕರಾರು ಒಂದೇ, ಅದೂ ಮುಂದಿನದು. ಕಾರ್ಕ್‌ಟೌನ್‌ನಲ್ಲಿ ಪಾಳುಬಿದ್ದ ಆಸ್ಪತ್ರೆಯಿದ್ದ ಜಾಗದಲ್ಲಿ ಸುಮಾರು 15,000 ಸೀಟಿನ ಹೊಸ ಸ್ಟೇಡಿಯಂ ಯೋಜನೆ ಇದೆ, 2027ಕ್ಕೆ ತೆರೆಯುವ ಗುರಿ. ಕೀವರ್ತ್‌ನಲ್ಲಿ ಹಿಡಿಸುವುದು ಎಂಟು ಸಾವಿರದೊಳಗೆ. 2016ರಲ್ಲಿ ಇಲ್ಲಿನ ಮೊದಲ ಪಂದ್ಯಕ್ಕೆ ಏಳು ಸಾವಿರಕ್ಕೂ ಹೆಚ್ಚು ಜನ ಬಂದಾಗ ಸ್ಟೇಡಿಯಂ ಕಿಕ್ಕಿರಿದಂತೆ ಕಂಡಿತ್ತು. ಅದೇ ಏಳು ಸಾವಿರ ಹೊಸ ಜಾಗದಲ್ಲಿ ಅರ್ಧ ಖಾಲಿ. ಸೀಟು ತುಂಬಿಸಲು ಬೈಗುಳ ಕಡಿಮೆ ಮಾಡಿ, ಹೊಗೆ ಬೇಡ, ಕೂತು ನೋಡಿ ಎಂದು ಹೇಳಬೇಕಾಗಿ ಬಂದರೆ ಟಿಕೆಟ್ಟಿಗೆ ಕೊಡುವ ಕಾಸಿಗೆ ಸಿಗುವ ಮುಖ್ಯ ಸಾಮಾನೇ ಕೈಬಿಟ್ಟಂತೆ. ಆಸನ, ಬೆಳಕು, ಪಾರ್ಕಿಂಗ್ ಖಂಡಿತ ಸುಧಾರಿಸಬಹುದು.

ಕ್ಲಬ್ಬು ಹೊಸ ಸ್ಟೇಡಿಯಂಗೆ ಹೋಗುವ ಮೊದಲು ಕೀವರ್ತ್‌ನಲ್ಲಿ ಒಂದು ಪಂದ್ಯ ನೋಡಿ. ಜೂನ್ ತಿಂಗಳ ಸಂಜೆಯದಾದರೆ ಕಂಬಳಿ ಹೊರುವ ಕೆಲಸವೂ ಇಲ್ಲ.